ಮಳೆ ನಕ್ಷತ್ರಗಳೂ ಸೈಕಲ್ ಸವಾರಿಯೂ: ಪುಣೆಯ ಒದ್ದೆ ರಸ್ತೆಗೆ ಟೈರು, ಗಾಳಿ ಮತ್ತು ಬ್ರೇಕು

ಫಿನ್‌ಲೆಂಡಿನ ಔಲು ನಗರದಲ್ಲಿ ನೆಲೆಸಿರುವ ನನ್ನ ಸೋದರಳಿಯ ಕಳೆದ ಚಳಿಗಾಲದಲ್ಲಿ ತನ್ನ ಸೈಕಲ್ಲಿನ ಟೈರಿನ ಚಿತ್ರವೊಂದನ್ನು ಕಳುಹಿಸಿದ್ದ. ರಬ್ಬರಿನ ತುಂಬ ಸಣ್ಣ ಲೋಹದ ಮೊಳೆಗಳನ್ನು ಕೂರಿಸಿದ್ದ ಆ ಟೈರನ್ನು ನೋಡಿ, ಪುಣೆಯಲ್ಲಿ ಭಾನುವಾರದ ಸವಾರಿಗೆ ಸೇರುವ ನಮ್ಮ ಏಳೆಂಟು ಮಂದಿ ಕನ್ನಡಿಗರು ಕೇಳಿದ ಪ್ರಶ್ನೆ ಒಂದೇ: ಮಳೆಗಾಲದಲ್ಲಿ ನಮಗೂ ಇಂಥದ್ದೇ ಬೇಕಲ್ಲವೇ? ಬೇಡ ಎಂಬುದು ಉತ್ತರ. ಆ ಮೊಳೆಗಳಿಗಿರುವ ಟಂಗ್‌ಸ್ಟನ್ ಕಾರ್ಬೈಡ್ ಎಂಬ ಗಡುಸು ವಸ್ತುವಿನ ತುದಿ ಮಂಜುಗಡ್ಡೆಗಿಂತ ಬಹಳ ಗಟ್ಟಿಯಾದದ್ದು. ಸವಾರನ ಭಾರ ಬಿದ್ದೊಡನೆ ಅದು ಗಡ್ಡೆಯನ್ನು ಕಚ್ಚಿ ಹಿಡಿಯುತ್ತದೆ. ಡಾಂಬರಿನ ಜಲ್ಲಿಯನ್ನಾಗಲಿ ಕಾಂಕ್ರೀಟನ್ನಾಗಲಿ ಅದು ಹಾಗೆ ಕಚ್ಚಲಾರದು. ಗಟ್ಟಿ ನೆಲದ ಮೇಲೆ ಆ ಮೊಳೆ ಕರಕರ ಸದ್ದು ಮಾಡುತ್ತ, ಹಿಡಿತ ಕೊಡಬೇಕಾದ ರಬ್ಬರಿಗೂ ರಸ್ತೆಗೂ ನಡುವೆ ಅಡ್ಡ ನಿಲ್ಲುತ್ತದೆ.

ಆದರೆ ಆ ದೇಶದ ಸವಾರರಿಂದ ಕಲಿಯಬೇಕಾದ ಮೂರು ಸಂಗತಿಗಳಿವೆ. ಮೊಳೆಯ ಟೈರು ಒಂದನ್ನೇ ಕೊಳ್ಳಲು ಹಣವಿದ್ದರೆ ಅದನ್ನು ಅವರು ಮುಂದಿನ ಚಕ್ರಕ್ಕೆ ಹಾಕುತ್ತಾರೆ; ಹಿಡಿತ ಹೆಚ್ಚು ಬೇಕಾದಾಗ ಗಾಳಿಯನ್ನು ತಗ್ಗಿಸುತ್ತಾರೆ; ಜಾರುವ ನೆಲದ ಮೇಲೆ ಬ್ರೇಕು, ಹ್ಯಾಂಡಲ್ಲು, ಪೆಡಲ್ಲು ಯಾವುದನ್ನೂ ಹಠಾತ್ತನೆ ಬಳಸುವುದಿಲ್ಲ. ಇವು ಮೂರೂ ನಮ್ಮ ಮಳೆಗೂ ಸಲ್ಲುತ್ತವೆ. ಹಿಂದಿನ ಚಕ್ರ ಜಾರಿದರೆ ಬಹುಮಟ್ಟಿಗೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದಾಗ ನಾವು ನೆಲದ ಮೇಲಿರುತ್ತೇವೆ. ಆದ್ದರಿಂದ ಜೂನ್ ಬರುವ ಮುನ್ನ ಒಂದೇ ಹೊಸ ಟೈರು ಕೊಳ್ಳುವುದಾದರೆ ಅದನ್ನು ಮುಂದಕ್ಕೆ ಹಾಕಿ, ಮುಂದಿದ್ದದ್ದನ್ನು ಹಿಂದಕ್ಕೆ ಸರಿಸುವುದು ಒಳ್ಳೆಯದು.

ಮಳೆಗಾಲಕ್ಕೆಂದು ಉಬ್ಬುಗಳುಳ್ಳ ಎಂಟಿಬಿ (ಬೆಟ್ಟದ ಸೈಕಲ್ಲಿನ) ಟೈರನ್ನು ಮಾರುವ ಅಂಗಡಿಯವರಿದ್ದಾರೆ; ನಾನೂ ಒಮ್ಮೆ ಕೊಂಡು ಕೆಟ್ಟೆ. ಆ ಉಬ್ಬುಗಳು ಕೆಸರಿನ ದಾರಿಗಾಗಿ ಹುಟ್ಟಿದವು. ಗಟ್ಟಿ ರಸ್ತೆಯಲ್ಲಿ ಉಬ್ಬಿನ ತುದಿ ಮಾತ್ರ ನೆಲವನ್ನು ಮುಟ್ಟುತ್ತದೆ, ಉಳಿದ ಜಾಗ ವ್ಯರ್ಥವಾಗುತ್ತದೆ, ತಿರುವಿನಲ್ಲಿ ಉಬ್ಬುಗಳು ಬಾಗಿ ಸೈಕಲ್ಲು ತೇಲಿದಂತಾಗುತ್ತದೆ. ನೀರನ್ನು ಹೊರದೂಡಲು ಕಾರಿನ ಟೈರಿನಂತೆ ಸೀಳುಗಳು ಬೇಕೆಂಬ ನಂಬಿಕೆಯೂ ಸರಿಯಲ್ಲ. ಸೈಕಲ್ಲಿನ ಟೈರು ಕಿರಿದಾಗಿ, ದುಂಡಗೆ, ಹೆಚ್ಚಿನ ಒತ್ತಡದಲ್ಲಿರುವುದರಿಂದ ನೀರು ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ; ಅದು ನೀರಿನ ಪದರದ ಮೇಲೆ ತೇಲಬೇಕಾದರೆ ಗಂಟೆಗೆ 100 ಕಿಲೋಮೀಟರಿಗೂ ಮೀರಿದ ವೇಗ ಬೇಕು. ನಮಗೆ ಬೇಕಾದದ್ದು 32ರಿಂದ 38 ಮಿಲಿಮೀಟರ್ ಅಗಲದ, ಹೆಚ್ಚುಕಡಿಮೆ ನುಣುಪಾದ, ಮೃದು ರಬ್ಬರಿನ ಟೈರು. ಬಿಸಿಲಿಗೆ ಬಿರುಕು ಬಿಟ್ಟು ಗಡುಸಾದ ಹಳೆಯ ಟೈರಿನಲ್ಲಿ ಗೆರೆಗಳು ಎಷ್ಟೇ ಉಳಿದಿದ್ದರೂ ಮಳೆಯಲ್ಲಿ ಅದನ್ನು ನಂಬಬಾರದು.

ಗಾಳಿಯ ವಿಷಯದಲ್ಲಿ ಲೆಕ್ಕ ಸುಲಭ: ಒಣ ರಸ್ತೆಗೆ ತುಂಬುವುದಕ್ಕಿಂತ ಸುಮಾರು ಶೇಕಡ 10ರಿಂದ 15ರಷ್ಟು ಕಡಿಮೆ ತುಂಬಬೇಕು. 35 ಮಿಲಿಮೀಟರ್ ಟೈರಿಗೆ ನಾನು ಬೇಸಿಗೆಯಲ್ಲಿ 60 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಡುತ್ತೇನೆ, ಮಳೆಯಲ್ಲಿ ಹಿಂದಕ್ಕೆ 54, ಮುಂದಕ್ಕೆ 51. ಟೈರಿನ ಪಕ್ಕದಲ್ಲಿ ಅಚ್ಚಾದ ಕನಿಷ್ಠ ಮಿತಿಗಿಂತ ಕೆಳಗೆ ಇಳಿಸಿದರೆ, ನೀರು ಮುಚ್ಚಿದ ಗುಂಡಿಯೊಂದಕ್ಕೆ ಚಕ್ರ ಬಿದ್ದಾಗ ಟ್ಯೂಬು ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತಾಗುತ್ತದೆ.

ಇನ್ನು ರಸ್ತೆಯನ್ನು ಓದುವ ಬಗೆ. ಊರಿನಲ್ಲಿ ಹಿರಿಯರು ಬಿತ್ತನೆಗೆ ಮಳೆ ನಕ್ಷತ್ರಗಳನ್ನು ಎಣಿಸುತ್ತಿದ್ದಂತೆ ನಾನು ಸೈಕಲ್ಲಿಗೂ ಎಣಿಸುತ್ತೇನೆ, ಏಕೆಂದರೆ ಎಲ್ಲ ಮಳೆಯೂ ಒಂದೇ ಬಗೆಯಲ್ಲಿ ಜಾರಿಸುವುದಿಲ್ಲ. ಜೂನ್ 8ರ ಸುಮಾರಿಗೆ ಹುಟ್ಟುವ ಮೃಗಶಿರಾ ಮಳೆಯ ಮೊದಲ ಹನಿಗಳೇ ಅತ್ಯಂತ ಅಪಾಯದವು. ನಾಲ್ಕಾರು ತಿಂಗಳು ರಸ್ತೆಯಲ್ಲಿ ಕೂತ ಎಣ್ಣೆ, ಟೈರಿನ ಪುಡಿ, ಧೂಳು ಎಲ್ಲವೂ ಆ ಸ್ವಲ್ಪ ನೀರಿನಲ್ಲಿ ಕಲಸಿ ಸಾಬೂನಿನಂತಾಗುತ್ತವೆ. ಮೊದಲ ಮಳೆಯ ಮಣ್ಣಿನ ವಾಸನೆಗೆ ಮನಸೋತು ಹೊರಡುವ ಬದಲು, ಅರ್ಧ ಗಂಟೆ ಚಹಾ ಕುಡಿಯುತ್ತ ನಿಂತು, ಜೋರು ಮಳೆ ರಸ್ತೆಯನ್ನು ತೊಳೆದ ಮೇಲೆ ಹೊರಡುವುದು ಲೇಸು. ಆರಿದ್ರಾ ಹೊತ್ತಿಗೆ ಡಾಂಬರು ಸ್ವಚ್ಛವಾಗಿರುತ್ತದೆ; ಆಗ ಹೆದರಬೇಕಾದದ್ದು ಜೀಬ್ರಾ ಪಟ್ಟಿಯ ಬಣ್ಣ, ಮ್ಯಾನ್‌ಹೋಲ್ ಮುಚ್ಚಳ, ಮೆಟ್ರೋ ಕಾಮಗಾರಿಯ ಕಬ್ಬಿಣದ ಹಲಗೆ, ಮೇಲ್ಸೇತುವೆಯ ಭಾಗಗಳು ಕೂಡುವಲ್ಲಿನ ಲೋಹದ ಪಟ್ಟಿ ಇವುಗಳಿಗೆ. ಇವುಗಳ ಮೇಲೆ ಹೋಗುವುದು ತಪ್ಪದಿದ್ದರೆ ಸೈಕಲ್ಲನ್ನು ನೆಟ್ಟಗೆ ಹಿಡಿದು, ಬ್ರೇಕು ಬಿಟ್ಟು, ಪೆಡಲ್ ತುಳಿಯದೆ, ಸಾಧ್ಯವಾದಷ್ಟು ಅವುಗಳ ಅಂಚಿಗೆ ಲಂಬಕೋನದಲ್ಲಿ ದಾಟಬೇಕು. ಕರ್ವೆ ರಸ್ತೆಯಲ್ಲಿ ಜೀಬ್ರಾ ಪಟ್ಟಿಯ ಮೇಲೆ ತಿರುಗಲು ಹೋಗಿ ಮೊಣಕೈ ತರಚಿಕೊಂಡ ಮೇಲೆ ನನಗೆ ಈ ಬುದ್ಧಿ ಬಂದದ್ದು.

ಪುನರ್ವಸು ಕಳೆದು ಪುಷ್ಯ ಬರುವಷ್ಟರಲ್ಲಿ ಹಾವಸೆ, ಅಂದರೆ ಪಾಚಿ, ಕಟ್ಟಿರುತ್ತದೆ. ಪೇವರ್ ಬ್ಲಾಕ್ ಹಾಸಿದ ಸೊಸೈಟಿ ಅಂಗಳ, ಮರದ ನೆರಳಿನ ಅಂಚು, ನೀರು ಸದಾ ಸೋರುವ ಘಾಟಿಯ ಒಳತಿರುವು ಇವೆಲ್ಲ ಹಸುರಾಗಿರುತ್ತವೆ. ಮಂಜುಗಡ್ಡೆಗೆ ನಮ್ಮಲ್ಲಿ ಸಮನಾದದ್ದು ಏನಾದರೂ ಇದ್ದರೆ ಅದು ಈ ಹಾವಸೆಯೇ. ಇದರ ಮೇಲೆ ಯಾವ ಟೈರೂ ನಿಲ್ಲದು, ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ನಾಚಿಕೆಯೇನಿಲ್ಲ. ನೀರು ನುಗ್ಗುವ ಭಯವೂ ಈ ನಕ್ಷತ್ರದಲ್ಲಿದೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಸುರಿದದ್ದು, 2024ರ ಜುಲೈ 25ರಂದು ಇಲ್ಲಿನ ಸಿಂಹಗಡ ರಸ್ತೆಯ ಬಡಾವಣೆಗಳಿಗೆ ನೀರು ನುಗ್ಗಿದ್ದು, ಎರಡೂ ಪುಷ್ಯದಲ್ಲಿಯೇ. ಖಡಕ್‌ವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟರೆಂಬ ಸುದ್ದಿ ಬಂದ ದಿನ ಮುಠಾ ನದಿಯ ದಡದ ರಸ್ತೆಗಳನ್ನೂ ಭಿಡೆ ಸೇತುವೆಯಂಥ ತಗ್ಗು ಸೇತುವೆಗಳನ್ನೂ ಬಿಟ್ಟು ಬೇರೆ ದಾರಿ ಹಿಡಿಯಬೇಕು. ತಳ ಕಾಣದ ನೀರಿನಲ್ಲಿ ಸೈಕಲ್ಲನ್ನು ಇಳಿಸಲೇಬಾರದು: ಮುಚ್ಚಳವಿಲ್ಲದ ಮ್ಯಾನ್‌ಹೋಲಿನ ಭಯ ಒಂದು, ಕಾಲಿನ ಗಾಯದ ಮೂಲಕ ಹೊಗುವ ಇಲಿಜ್ವರದ ಭಯ ಇನ್ನೊಂದು.

ಬ್ರೇಕಿಗೆ ಬಂದರೆ, ರಿಮ್ಮನ್ನು ಹಿಡಿಯುವ ಬ್ರೇಕು ಒದ್ದೆಯಾದಾಗ ಚಕ್ರದ ಮೊದಲ ಕೆಲವು ಸುತ್ತುಗಳು ನೀರನ್ನು ಒರೆಸುವುದರಲ್ಲಿಯೇ ಕಳೆದುಹೋಗುತ್ತವೆ. ಆದ್ದರಿಂದ ನಿಲ್ಲಬೇಕಾದ ಜಾಗಕ್ಕೆ ಬಹಳ ಮೊದಲೇ ಹಗುರವಾಗಿ ಒತ್ತಿ ರಿಮ್ಮನ್ನು ಒರೆಸಿಕೊಂಡು, ಆಮೇಲೆ ಎರಡೂ ಬ್ರೇಕುಗಳನ್ನು ಕ್ರಮವಾಗಿ ಬಿಗಿಗೊಳಿಸಬೇಕು. ಕಾತ್ರಜ್ ಹಳೆಯ ಘಾಟಿಯಂಥ ಇಳಿಜಾರಿನಲ್ಲಿ ತಿರುವಿಗೆ ಮುನ್ನವೇ, ಸೈಕಲ್ಲು ನೆಟ್ಟಗಿರುವಾಗಲೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕನ್ನು ಮುಟ್ಟದಿರಬೇಕು. ಹಳೆಯ ಉಕ್ಕಿನ ಕ್ರೋಮ್ ರಿಮ್ಮಿನ ಸೈಕಲ್ಲು ಒದ್ದೆಯಾದರೆ ಬ್ರೇಕು ಇದ್ದೂ ಇಲ್ಲದಂತೆಯೇ. ಅದನ್ನು ಘಾಟಿಗೆ ಒಯ್ಯಬಾರದು. ಬ್ರೇಕಿನ ರಬ್ಬರಿನಲ್ಲಿ ಸಿಕ್ಕ ಮರಳನ್ನೂ ಅಲ್ಯೂಮಿನಿಯಂ ಚೂರುಗಳನ್ನೂ ವಾರಕ್ಕೊಮ್ಮೆ ಪಿನ್ನಿನಿಂದ ಕೆದಕಿ ತೆಗೆಯದಿದ್ದರೆ ಅವು ರಿಮ್ಮನ್ನೇ ತಿನ್ನುತ್ತವೆ. ಡಿಸ್ಕ್ ಬ್ರೇಕು ಮಳೆಯಲ್ಲಿ ಹೆಚ್ಚು ನಂಬಿಗಸ್ತ, ಆದರೆ ಚೈನಿನ ಎಣ್ಣೆ ಡಿಸ್ಕಿಗೆ ತಗಲಬಾರದು.

ಮಳೆಯಲ್ಲಿ ಪಂಕ್ಚರ್ ಹೆಚ್ಚು, ಏಕೆಂದರೆ ಒದ್ದೆ ರಬ್ಬರನ್ನು ಗಾಜು ಸಲೀಸಾಗಿ ಸೀಳುತ್ತದೆ ಮತ್ತು ಕಸವೆಲ್ಲ ರಸ್ತೆಯ ಅಂಚಿಗೆ ಬಂದು ಸೇರುತ್ತದೆ. ಒದ್ದೆ ಟ್ಯೂಬಿಗೆ ಸೊಲ್ಯೂಷನ್ ಅಂಟದು, ಪ್ಯಾಚು ಹಚ್ಚುತ್ತ ಕೂರದೆ ಇಡೀ ಟ್ಯೂಬನ್ನೇ ಬದಲಿಸಬೇಕು. ಮಡ್‌ಗಾರ್ಡು ಮತ್ತು ಹಿಂದಿನ ಕೆಂಪು ದೀಪ ಹಗಲಿನಲ್ಲಿಯೂ ಕಡ್ಡಾಯ.

ಮನೆಗೆ ಬಂದ ಮೇಲೆ ಹತ್ತು ನಿಮಿಷದ ಕೆಲಸವಿದೆ. ಒಂದು ಬಕೆಟ್ ನೀರನ್ನು ಮೆಲ್ಲಗೆ ಸುರಿದು ಕೆಸರು ತೊಳೆಯಬೇಕು. ಬೈಕ್ ತೊಳೆಯುವ ಜೋರು ಪೈಪನ್ನು ಬೇರಿಂಗಿನ ಕಡೆ ಹಿಡಿದರೆ ಗ್ರೀಸು ಹೋಗಿ ನೀರು ಒಳಸೇರುತ್ತದೆ. ಚೈನನ್ನು ಹಳೆಯ ಬಟ್ಟೆಯಿಂದ ಒರೆಸಿ, ಪ್ರತಿ ಕೊಂಡಿಗೂ ಒಂದೊಂದು ಹನಿ ಎಣ್ಣೆ ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಹೊರಗೆ ಉಳಿದದ್ದನ್ನು ಮತ್ತೆ ಒರೆಸಬೇಕು. ಕೊನೆಯದಾಗಿ ಸೀಟನ್ನು ಅದರ ಕೊಳವೆಸಮೇತ ಹೊರತೆಗೆದು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿದರೆ, ಫ್ರೇಮಿನೊಳಗಿಂದ ಒಂದು ಲೋಟ ನೀರಾದರೂ ಬಾಲ್ಕನಿಯ ನೆಲಕ್ಕೆ ಇಳಿದೀತು.