ಒತ್ತುವ ಕಡೆ, ಬಿಡುವ ಕಡೆ: ಬೆನ್ನಿನ ಬ್ರೇಸ್ ಮಾಡುವಾಗ ನನ್ನ ಅನುಭವ

ಮೈಸೂರಿನಲ್ಲಿ ಆರ್ಥೋಟಿಸ್ಟ್ (ದೇಹಕ್ಕೆ ಆಧಾರ ಕೊಡುವ ಸಾಧನಗಳನ್ನು ಅಳತೆಗೆ ತಕ್ಕಂತೆ ಮಾಡುವವನು) ಆಗಿ ನಾನು ಮಾಡುವ ಕೆಲಸಗಳಲ್ಲಿ ಹೆಚ್ಚು ಯೋಚನೆ ಬೇಡುವುದು ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವ ತೊಂದರೆಯಿರುವ ಮಕ್ಕಳ ಬ್ರೇಸ್, ಅಂದರೆ ಮೈಗೆ ತೊಡಿಸುವ ಗಟ್ಟಿ ಪ್ಲಾಸ್ಟಿಕ್ ಕವಚ. ಬರುವವರಲ್ಲಿ ಹೆಚ್ಚಿನವರು ಹತ್ತರಿಂದ ಹದಿನಾಲ್ಕು ವರ್ಷದ ಹೆಣ್ಣುಮಕ್ಕಳು. ಮದ್ದೂರು, ಪಾಂಡವಪುರದ ಕಡೆಯಿಂದಲೂ ಕರೆತರುತ್ತಾರೆ. ಎಕ್ಸ್‌ರೇಯಲ್ಲಿ ಅಳೆದ ಕಾಬ್ ಕೋನ, ಅಂದರೆ ಬಾಗು ಎಷ್ಟಿದೆಯೆಂದು ಹೇಳುವ ಕೋನ, 25ರಿಂದ 40 ಡಿಗ್ರಿಯೊಳಗಿದ್ದು, ಮಗು ಇನ್ನೂ ಬೆಳೆಯುತ್ತಿದ್ದರೆ ಮೂಳೆತಜ್ಞರು ಸಾಮಾನ್ಯವಾಗಿ ಬ್ರೇಸ್ ಬರೆದುಕೊಡುತ್ತಾರೆ.

ಬ್ರೇಸ್ ಅಂದರೆ ಬಿಗಿಯಾಗಿ ಕಟ್ಟುವ ಬೆಲ್ಟ್ ಎಂದು ಬಹಳ ಜನ ತಿಳಿದಿದ್ದಾರೆ. ಸುತ್ತಲೂ ಸಮನಾಗಿ ಬಿಗಿದರೆ ಬೆನ್ನುಮೂಳೆ ಎತ್ತ ಸರಿಯಬೇಕು? ಒಂದು ಕಡೆ ಒತ್ತಿದರೆ ಅದರ ಎದುರಿಗೆ ಖಾಲಿ ಜಾಗ ಇರಲೇಬೇಕು. 1970ರ ದಶಕದಲ್ಲಿ ಫ್ರಾನ್ಸಿನ ಜಾಕ್ ಶೆನೊ ರೂಪಿಸಿದ ಬ್ರೇಸಿನಲ್ಲಿ ಈ ತತ್ತ್ವ ಸ್ಪಷ್ಟವಾಗಿದೆ. ನಾನು ಅನುಸರಿಸುವುದೂ ಅದನ್ನೇ.

ಹದಿಹರೆಯದಲ್ಲಿ ಎದೆಭಾಗದ ಬಾಗು ಹೆಚ್ಚಾಗಿ ಬಲಕ್ಕಿರುತ್ತದೆ. ಜೊತೆಗೆ ಕಶೇರುಗಳು (ಬೆನ್ನುಮೂಳೆಯ ಒಂದೊಂದು ಮಣಿ) ತಿರುಚಿಕೊಳ್ಳುವುದರಿಂದ ಬೆನ್ನಿನ ಬಲಭಾಗದಲ್ಲಿ ಪಕ್ಕೆಲುಬು ಉಬ್ಬಿ, ಎಡಭಾಗ ತಗ್ಗಾಗುತ್ತದೆ. ಮಗುವನ್ನು ಮುಂದಕ್ಕೆ ಬಗ್ಗಿಸಿ ನೋಡಿದರೆ ಇದು ಎದ್ದು ಕಾಣುತ್ತದೆ. ಮೈಗೆ ಸ್ಟಾಕಿನೆಟ್ ಎಂಬ ಹಿಗ್ಗುವ ತೆಳು ಬಟ್ಟೆ ತೊಡಿಸಿ, ಸೊಂಟದ ಮೂಳೆ, ಉಬ್ಬಿದ ಪಕ್ಕೆ, ಹೆಗಲಮೂಳೆಯ ತುದಿ ಇವುಗಳನ್ನು ಗುರುತು ಹಾಕಿಕೊಂಡು ಪ್ಲಾಸ್ಟರ್ ಬ್ಯಾಂಡೇಜಿನಿಂದ ಅಚ್ಚು ತೆಗೆಯುತ್ತೇನೆ. ಆ ಅಚ್ಚಿನಲ್ಲಿ ಪ್ಲಾಸ್ಟರ್ ಎರೆದು ಪಡೆದ ಮಾದರಿಯ ಮೇಲೆ ನಡೆಯುವುದೇ ನಿಜವಾದ ವಿನ್ಯಾಸ. ಒತ್ತಡ ಬೇಕಾದಲ್ಲಿ ಕೆರೆದು ತೆಗೆಯಬೇಕು, ಜಾಗ ಬೇಕಾದಲ್ಲಿ ಪ್ಲಾಸ್ಟರ್ ಸೇರಿಸಬೇಕು. ಬಲಗಡೆ ಒತ್ತುವ ಪ್ಯಾಡನ್ನು ಹೆಚ್ಚು ಬಾಗಿದ ಕಶೇರುವಿನ ನೇರಕ್ಕೆ ಇಡುವಂತಿಲ್ಲ. ಪಕ್ಕೆಲುಬು ಬೆನ್ನಿನಿಂದ ಕೆಳಮುಖವಾಗಿ ಇಳಿದುಬರುವುದರಿಂದ, ಆ ಕಶೇರುವಿಗೆ ಸೇರಿದ ಪಕ್ಕೆಲುಬನ್ನು ಹಿಡಿದು ಸ್ವಲ್ಪ ಕೆಳಗೆ ಇಡಬೇಕು. ಎಡಗಡೆ ಕಂಕುಳಿನ ಕೆಳಗೆ ಮತ್ತು ಸೊಂಟದ ಮೇಲೆ ಎದುರು ಒತ್ತಡ ಕೊಟ್ಟು, ಇವೆರಡರ ನಡುವೆ ಹಾಗೂ ತಗ್ಗಾದ ಎಡಬೆನ್ನಿನ ಹಿಂದೆ ಧಾರಾಳವಾಗಿ ಜಾಗ ಬಿಡುತ್ತೇನೆ. ಆಮೇಲೆ ಪಾಲಿಪ್ರೊಪಿಲೀನ್ ಹಾಳೆಯನ್ನು ಓವನ್‌ನಲ್ಲಿ ಮೆತ್ತಗಾಗಿಸಿ ಮಾದರಿಯ ಮೇಲೆ ಹೊದಿಸಿ, ವ್ಯಾಕ್ಯೂಮ್ ಕೊಡುವುದು, ಅಂದರೆ ನಡುವಿನ ಗಾಳಿ ಹೀರಿ ಹಾಳೆ ಅಂಟಿಕೊಳ್ಳುವಂತೆ ಮಾಡುವುದು, ಅಭ್ಯಾಸದ ಕೆಲಸ.

ಆ ಖಾಲಿ ಜಾಗ ಕಂಡು ಮನೆಯವರು ಅಳತೆ ತಪ್ಪಿದೆಯೆಂದೇ ಅಂದುಕೊಳ್ಳುತ್ತಾರೆ. ‘ಇಲ್ಲಿ ಸಡ್ಲ ಐತಲ್ಲ ಸಾರ್, ಬಟ್ಟೆ ಇಡ್ಲಾ?’ ಎಂದು ಮಂಡ್ಯದ ಕಡೆಯ ಅಜ್ಜಿಯೊಬ್ಬರು ಕೇಳಿದ್ದರು. ‘ಬೇಡಿ ಅಜ್ಜಿ, ಉಸಿರೆಳೆದಾಗ ಮೊಮ್ಮಗಳ ಪಕ್ಕೆ ಅಲ್ಲಿಗೆ ಬರಬೇಕು’ ಎಂದು ಹೇಳಿ, ಅವರ ಕೈಯನ್ನೇ ಅಲ್ಲಿಟ್ಟು ತೋರಿಸಿದೆ. ಇದನ್ನು ಮೊದಲ ದಿನವೇ ವಿವರಿಸುವುದನ್ನು ನಾನು ಚಿಕಿತ್ಸೆಯ ಭಾಗವೆಂದೇ ಭಾವಿಸುತ್ತೇನೆ.

ಅಮೆರಿಕ ಮತ್ತು ಕೆನಡಾದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಾಗು 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಸಿದವರು ಬ್ರೇಸ್ ಪಡೆದವರಲ್ಲಿ ಶೇ. 72, ಪಡೆಯದವರಲ್ಲಿ ಶೇ. 48. ಹೆಚ್ಚು ಗಂಟೆ ಧರಿಸಿದಷ್ಟೂ ಫಲ ಹೆಚ್ಚಿತ್ತು. ಹಾಗಾಗಿ ಧರಿಸಲಾಗದ ಬ್ರೇಸ್ ಎಷ್ಟು ಚೆನ್ನಾಗಿದ್ದರೂ ವ್ಯರ್ಥ. ನಮ್ಮ ಮಕ್ಕಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟ ಮಾಡುವವರು. ಮುಂಭಾಗದ ಕೆಳ ಅಂಚು ತೊಡೆಗೆ ಒತ್ತದಂತೆ ಕತ್ತರಿಸಿ, ಕೂರಿಸಿ ನೋಡಿಯೇ ಕಳುಹಿಸುತ್ತೇನೆ. ಮಾರ್ಚ್, ಏಪ್ರಿಲ್ ಸೆಕೆಗೆ ಒಳಗೆ ಸುಕ್ಕಿಲ್ಲದ ಹತ್ತಿ ಬನಿಯನ್ ಬೇಕು, ಬೆವರಿದಾಗ ಬದಲಿಸಬೇಕು. ಬಿಚ್ಚಿದ ಮೇಲೆ ಚರ್ಮದ ಕೆಂಪು ಬೇಗನೆ ಮಾಯವಾಗದಿದ್ದರೆ ತಡಮಾಡದೆ ಬರಲು ಹೇಳುತ್ತೇನೆ.

ಮೈ ಹೊಂದಿಕೊಂಡ ಮೇಲೆ ಬ್ರೇಸ್ ತೊಟ್ಟೇ ಎಕ್ಸ್‌ರೇ ತೆಗೆಸುತ್ತೇವೆ. ಇನ್ನೂ ಬಿಗಿಯಾಗದೆ ಒತ್ತಿದರೆ ಸರಿಯುವ ಬಾಗಿನಲ್ಲಿ ಕೋನ ಅರ್ಧದಷ್ಟಾದರೂ ಇಳಿಯಬೇಕೆಂಬುದು ನನ್ನ ಗುರಿ. ನಂತರದ ಪ್ರತಿ ಭೇಟಿಯಲ್ಲೂ ಎತ್ತರ ಅಳೆದು, ಖಾಲಿ ಜಾಗದೊಳಗೆ ಬೆರಳು ಹಾಕಿ ನೋಡುತ್ತೇನೆ. ಅದು ತುಂಬಿಕೊಂಡಿದ್ದರೆ ಪ್ಲಾಸ್ಟಿಕ್ಕನ್ನು ಬಿಸಿಮಾಡಿ ಹೊರಕ್ಕೆ ತಳ್ಳುತ್ತೇನೆ. ಅದಕ್ಕೂ ಮೀರಿ ಮಗು ಬೆಳೆದಿದ್ದರೆ ಹೊಸ ಅಚ್ಚು ತೆಗೆಯುತ್ತೇನೆ.