ಸಾರಿಲ್ಲದ ಕೈಮಾ ಅನ್ನ: ನನ್ನ ಅನುಭವ

ಮಾಡಲು ಹೊರಟಿದ್ದು ಥಾಯ್ಲೆಂಡಿನ ಪಡ್ ಕ್ರಪಾವ್, ಮೊದಲ ಸಲ ಆಗಿದ್ದು ನೀರು ನೀರಾದ ಕೈಮಾ ಪಲ್ಯ. ಅಲ್ಲಿ ಬೀದಿ ಬದಿಯವರು ಕೈಮಾವನ್ನು ದೊಡ್ಡ ಉರಿಯಲ್ಲಿ ಬೇಗ ಬೇಗ ಹುರಿದು, ಬಿಸಿ ಅನ್ನಕ್ಕೆ ಹಾಕಿ, ಮೇಲೊಂದು ಮೊಟ್ಟೆ ಇಟ್ಟು ಕೊಡುತ್ತಾರೆ. ಪಡ್ ಅಂದರೆ ಹುರಿಯೋದು. ಕ್ರಪಾವ್ ಅಂದರೆ ತುಳಸಿ. ನಮ್ಮನೆಯಲ್ಲಿ ಜಗಳ ಶುರುವಾಗಿದ್ದೇ ಅಲ್ಲಿ.

ತೀರ್ಥಹಳ್ಳಿ ಮನೆಯ ಅಂಗಳದಲ್ಲಿ ತುಳಸಿಕಟ್ಟೆ ಇದೆ. ನಾಲ್ಕು ಎಲೆ ಚಿವುಟೋಣ ಅಂತ ಕೈ ಹಾಕಿದ್ದೇ ತಡ, ಅಮ್ಮ ಒಳಗಿಂದಲೇ "ಕೋಳಿಗೆ ತುಳಸಿ ಹಾಕ್ತೀಯೇನೋ? ನಾನು ದಿನಾ ದೀಪ ಹಚ್ಚೋ ಜಾಗ ಅದು" ಅಂದಳು. ಬಿಟ್ಟೆ. ಬೇಲಿ ಹತ್ತಿರ ಕಾಮಕಸ್ತೂರಿ ಇತ್ತು, ಅದನ್ನೇ ಎರಡು ಹಿಡಿ ಕಿತ್ತೆ. ಪರಿಮಳ ಸ್ವಲ್ಪ ಸಿಹಿ ಕಡೆಗೆ ಹೋಗುತ್ತದೆ, ತುಳಸಿಯ ಖಾರ ಇಲ್ಲ, ಆದರೆ ಕೆಲಸ ನಡೆಯುತ್ತದೆ.

ಕೈಮಾ ಪಲ್ಯ ಆಗಿದ್ದು ಯಾಕೆ ಅಂದರೆ, ನಾನು ಅದನ್ನು ತಂದು ನಲ್ಲಿ ಕೆಳಗೆ ತೊಳೆದಿದ್ದೆ. ನಮಗೆ ತೊಳೆಯದೆ ಮನಸ್ಸು ಒಪ್ಪಲ್ಲ ಅಲ್ವಾ. ಆದರೆ ತೊಳೆದ ಕೈಮಾ ಸ್ಪಂಜಿನ ಹಾಗೆ ನೀರು ಹಿಡಿದುಕೊಂಡಿರುತ್ತೆ, ಬಾಣಲೆಗೆ ಬಿದ್ದ ಕೂಡಲೇ ಬಿಡುತ್ತೆ, ಆಮೇಲೆ ಅದು ಹುರಿಯೋದಲ್ಲ, ಬೇಯೋದು. ಈಗ ಅಂಗಡಿಯವರಿಗೆ ಮೊದಲೇ ಹೇಳುತ್ತೇನೆ: "ಅಣ್ಣಾ, ಕಾಲಿನ ಮಾಂಸ ತೊಳೆದು, ನೀರು ಬಸಿದು, ಆಮೇಲೆ ಕೈಮಾ ಮಾಡಿಕೊಡಿ." ಎದೆ ಮಾಂಸ ಬೇಡ, ಒಣಗಿ ಮರದ ಪುಡಿ ಆಗುತ್ತೆ.

ಅರ್ಧ ಕೆಜಿಗೆ ಎಂಟು ಎಸಳು ಬೆಳ್ಳುಳ್ಳಿ, ಆರು ಸೂಜಿ ಮೆಣಸು ಕುಟ್ಟಾಣಿಯಲ್ಲಿ ಜಜ್ಜಿಕೊಳ್ಳುತ್ತೇನೆ. ಮಿಕ್ಸಿ ಬೇಡ, ಪೇಸ್ಟ್ ಆದರೆ ತಳ ಹಿಡಿಯುತ್ತೆ. ಕಬ್ಬಿಣದ ಬಾಣಲೆ ಹೊಗೆ ಬರೋವರೆಗೆ ಕಾಯಬೇಕು. ಮೂರು ಚಮಚ ಎಣ್ಣೆ, ಜಜ್ಜಿದ್ದು ಹಾಕಿ ಹತ್ತು ಸೆಕೆಂಡ್, ಎಲ್ಲರಿಗೂ ಕೆಮ್ಮು ಬಂತು ಅಂದರೆ ಸರಿಯಾಗಿದೆ ಅಂತ ಅರ್ಥ. ಆಮೇಲೆ ಕೈಮಾ, ಅದೂ ಅರ್ಧರ್ಧ ಮಾಡಿ ಎರಡು ಸಲಕ್ಕೆ. ಹಾಕಿ ಹರಡಿ ಎರಡು ನಿಮಿಷ ಸೌಟು ಮುಟ್ಟಬಾರದು. ಇದೇ ಕಷ್ಟ, ಕೈ ಸುಮ್ನೆ ಇರಲ್ಲ. ಚರಚರ ಅನ್ನೋ ಸದ್ದು ಚಟಚಟ ಆದಾಗ ಅಡಿ ಕಂದು ಬಣ್ಣಕ್ಕೆ ತಿರುಗಿರುತ್ತೆ, ಆಗ ತಿರುವಿ ಪುಡಿ ಮಾಡಿ.

ಎರಡೂ ಸಲದ್ದು ಒಟ್ಟಿಗೆ ಹಾಕಿ, ಎರಡು ಚಮಚ ಸೋಯಾ ಸಾಸ್, ಒಂದು ಚಮಚ ಆಯ್ಸ್ಟರ್ ಸಾಸ್ ಬಾಣಲೆಯ ಅಂಚಿಗೆ ಸುತ್ತ ಹುಯ್ಯಬೇಕು. ಥಾಯ್‌ನವರು ಮೀನಿನ ಸಾಸ್ ಹಾಕುತ್ತಾರೆ, ನಮ್ಮ ಅಂಗಡಿಯಲ್ಲಿ ಸಿಗಲಿಲ್ಲ. ಉಪ್ಪು ರುಚಿ ನೋಡಿಯೇ ಹಾಕಿ. ನಾನು ಅಭ್ಯಾಸಬಲದಿಂದ ಮೊದಲೇ ಹಾಕಿ ಒಂದು ದಿನ ಪೂರ್ತಿ ಕೆಡಿಸಿದ್ದೇನೆ. ಸಕ್ಕರೆ ಬದಲು ಒಂದು ಚಮಚ ಜೋನಿ ಬೆಲ್ಲ, ಕೊನೆಗೆ, ಬೇಗ ಹಾಕಿದರೆ ಸೀಯುತ್ತೆ. ಒಲೆ ಆರಿಸಿ ಕಾಮಕಸ್ತೂರಿ ಎಲೆ. ಗರಂ ಮಸಾಲೆ, ಟೊಮೆಟೊ, ಅರಿಶಿನ ಯಾವುದೂ ಬೇಡ. ಹಾಕಬೇಕು ಅನ್ನಿಸುತ್ತೆ, ತಡ್ಕೊಳ್ಳಿ.

ಅನ್ನಕ್ಕೆ ಗಂಧಸಾಲೆ ಅಕ್ಕಿ ಸಿಕ್ಕರೆ ಬಲು ಚೆನ್ನ, ಇಲ್ಲದಿದ್ದರೆ ಸೋನಾ ಮಸೂರಿಯನ್ನೇ ಸ್ವಲ್ಪ ಮೆತ್ತಗೆ ಮಾಡಿ. ಮೊಟ್ಟೆಗೆ ಎಣ್ಣೆ ಜಾಸ್ತಿ ಬಿಟ್ಟು ಅಂಚು ಗರಿಗರಿ ಆಗಬೇಕು, ಹಳದಿ ಹಸಿಯಾಗಿರಬೇಕು. ಥಾಯ್ ಭಾಷೆಯಲ್ಲಿ ಅದಕ್ಕೆ ಖೈ ದಾವ್, ಅಂದರೆ ನಕ್ಷತ್ರದ ಮೊಟ್ಟೆ. ಅಮ್ಮ ತನ್ನದನ್ನು ಮಗುಚಿ ಪೂರ್ತಿ ಬೇಯಿಸಿಕೊಂಡಳು.

ಮೊದಲ ತುತ್ತಿಗೆ "ಸಾರೆಲ್ಲೋ?" ಅಂದಳು. ಇಲ್ಲ ಅಂದೆ. ಎದ್ದು ಹೋಗಿ ಮಧ್ಯಾಹ್ನದ ಮಜ್ಜಿಗೆ ತಂದು ಪಕ್ಕದಲ್ಲಿಟ್ಟುಕೊಂಡು ಕೂತಳು. ತಟ್ಟೆಯಲ್ಲಿ ಒಂದು ಅಗುಳೂ ಉಳಿಸಲಿಲ್ಲ. ಬಾಣಲೆಯಲ್ಲಿ ಉಳಿದಿದ್ದನ್ನು ಬೆಳಿಗ್ಗೆ ಅಕ್ಕಿರೊಟ್ಟಿಗೆ ಹಚ್ಚಿಕೊಂಡು ತಿಂದು, ಅನ್ನಕ್ಕಿಂತ ಇದಕ್ಕೇ ಸರಿ ಇದೆ ಅಂದಳು.