ಚುಕ್ಕಿಗಳ ರಾಶಿಯಲ್ಲಿ ಬಾಗಿದ ಗೆರೆ ಹುಡುಕುವುದು ಹೇಗೆ?

ಭೂಕಂಪದ ಕೇಂದ್ರಗಳನ್ನೋ ಗೆಲಾಕ್ಸಿಗಳನ್ನೋ ಚುಕ್ಕಿ ಇಟ್ಟು ನೋಡಿ. ಕಣ್ಣು ಕೂಡಲೇ ಅಲ್ಲಲ್ಲಿ ಗೆರೆ ಎಳೆದುಬಿಡುತ್ತದೆ. ನಾನು ಆ ಗೆರೆಯನ್ನು ಸುಲಭಕ್ಕೆ ನಂಬುವುದಿಲ್ಲ. ಲೆಕ್ಕವೂ ಅದನ್ನೇ ಹೇಳಬೇಕು.

ಮೊದಲು ಅಳತೆ ಸರಿಮಾಡಿಕೊಳ್ಳಿ. ಧ್ರುವದ ಕಡೆ ಹೋದಂತೆ ಒಂದು ಡಿಗ್ರಿ ರೇಖಾಂಶದ ಅಗಲ ಕಡಿಮೆಯಾಗುತ್ತದೆ. ಹಾಗಾಗಿ ಡಿಗ್ರಿಗಳನ್ನು ಕಿಲೋಮೀಟರಿಗೆ ಬದಲಾಯಿಸಿ.

ಹೇಸ್ಟಿ, ಸ್ಟುಟ್ಜ್ಲೆ 1989ರಲ್ಲಿ ಕೊಟ್ಟ ಪ್ರಿನ್ಸಿಪಲ್ ಕರ್ವ್ (ಚುಕ್ಕಿಗಳ ನಡುವೆ ಹಾಯುವ ನುಣುಪಾದ ಗೆರೆ), ಒಂದೇ ಗೆರೆ ಇದ್ದರೆ ಚೆನ್ನ. ಕವಲೊಡೆದರೆ ಕಷ್ಟ. ಮಿನಿಮಮ್ ಸ್ಪ್ಯಾನಿಂಗ್ ಟ್ರೀ (ಎಲ್ಲಾ ಚುಕ್ಕಿಗಳನ್ನು ಅತಿ ಕಡಿಮೆ ಒಟ್ಟು ಉದ್ದದಲ್ಲಿ ಜೋಡಿಸುವ ಮರ) ಬೇಗ ಆಗುತ್ತದೆ, ಆದರೆ ದೂರದ ಒಂಟಿ ಚುಕ್ಕಿಗೂ ಕೊಂಬೆ ಚಾಚುತ್ತದೆ. ನಾನು ಜಾಸ್ತಿ ಬಳಸುವುದು ಓಜೆರ್ಟೆಮ್, ಎರ್ದೋಗ್ಮುಶ್ 2011ರಲ್ಲಿ ಪ್ರಕಟಿಸಿದ ರಿಡ್ಜ್ ವಿಧಾನ.

ಚುಕ್ಕಿಗಳ ದಟ್ಟಣೆಯನ್ನು ಬೆಟ್ಟಸಾಲು ಅಂದುಕೊಳ್ಳಿ. ನಮಗೆ ಬೇಕಿರುವುದು ಶಿಖರವಲ್ಲ, ಏಣು (ರಿಡ್ಜ್), ಅಂದರೆ ಬೆಟ್ಟದ ನೆತ್ತಿಯುದ್ದಕ್ಕೂ ಸಾಗುವ ಗೆರೆ. ಎಲ್ಲಾ ಚುಕ್ಕಿಗಳ ಒಂದು ನಕಲು ಮಾಡಿ. ನಕಲಿನ ಪ್ರತಿ ಚುಕ್ಕಿಗೂ ಸುತ್ತಲಿನ ಮೂಲ ಚುಕ್ಕಿಗಳ ಸರಾಸರಿ ಸ್ಥಾನ ಹುಡುಕಿ, ಹತ್ತಿರದವಕ್ಕೆ ಗಾಸಿಯನ್ (ಗಂಟೆಯಾಕಾರದ) ರೇಖೆಯ ಪ್ರಕಾರ ಹೆಚ್ಚು ತೂಕ ಕೊಡಿ. ಅಲ್ಲಿಗೆ ನೇರ ಸರಿಸಿದರೆ ಅದು ಮೀನ್ ಶಿಫ್ಟ್, ಎಲ್ಲವೂ ಶಿಖರ ಸೇರುತ್ತವೆ. ಅದರ ಬದಲು ಲಾಗ್ ದಟ್ಟಣೆಯ ಹೆಸಿಯನ್ (ಯಾವ ದಿಕ್ಕಿನಲ್ಲಿ ಅದು ಎಷ್ಟು ಬಾಗಿದೆ ಅನ್ನುವ ಕೋಷ್ಟಕ) ತೆಗೆಯಿರಿ. ಅದರ ಅತಿ ಕಡಿಮೆ ಐಗನ್ ಬೆಲೆಯ ದಿಕ್ಕು, ಅಂದರೆ ಅತಿ ಕಡಿದಾಗಿ ಕೆಳಕ್ಕೆ ಬಾಗುವ ದಿಕ್ಕು, ಏಣು ಸಾಗುವ ದಿಕ್ಕಿಗೆ ಅಡ್ಡಲಾಗಿರುತ್ತದೆ. ಸರಾಸರಿಯ ಕಡೆಗಿನ ಹೆಜ್ಜೆಯಲ್ಲಿ ಆ ದಿಕ್ಕಿನ ಪಾಲಿನಷ್ಟೇ ಸರಿಸಿ. ಹೆಜ್ಜೆ ತೀರಾ ಸಣ್ಣದಾಗುವವರೆಗೆ ಇದನ್ನೇ ಮಾಡಿ. ದಟ್ಟಣೆ ಕಡಿಮೆ ಇರುವಲ್ಲಿನ ನಕಲುಗಳನ್ನು ಮೊದಲೇ ಬಿಟ್ಟುಬಿಡಿ, ಸುಮ್ನೆ ಗೊಂದಲ.

ಎಲ್ಲದರ ಕೀಲಿ ಬ್ಯಾಂಡ್‌ವಿಡ್ತ್. ಎಷ್ಟು ದೂರದ ಚುಕ್ಕಿಗಳವರೆಗೆ ತೂಕ ಸಿಗಬೇಕು ಅನ್ನುವುದನ್ನು ಇದು ಹೇಳುತ್ತದೆ. ಇದನ್ನು h ಅನ್ನುವ ಬದಲು 'ಅಗಲ' ಅನ್ನೋಣ. ಸಿಲ್ವರ್‌ಮನ್ ಸೂತ್ರ (ಅಗಲ ಆರಿಸುವ ಒಂದು ರೂಢಿ ಲೆಕ್ಕ) ಇಡೀ ಡೇಟಾದ ಹರವನ್ನು ನೋಡುತ್ತದೆ, ಹೀಗಾಗಿ ತೆಳು ಗೆರೆಗಳಿಗೆ ಅದು ಕೊಡುವ ಅಗಲ ಸಾಮಾನ್ಯವಾಗಿ ಅತಿಯಾಗುತ್ತದೆ. ಅಗಲ ಜಾಸ್ತಿಯಾದರೆ ಬಾಗಿದ ಗೆರೆ ಒಳಕ್ಕೆ ಸರಿಯುತ್ತದೆ. ವೃತ್ತದ ಮೇಲೆ ಸಮವಾಗಿ ಹರಡಿದ ಚುಕ್ಕಿಗಳಲ್ಲಿ ಈ ಸರಿತ ಸುಮಾರು ಅಗಲದ ವರ್ಗವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದಷ್ಟು. ತ್ರಿಜ್ಯ 10 ಕಿ.ಮೀ., ಅಗಲ 2 ಕಿ.ಮೀ. ಆದರೆ 0.2 ಕಿ.ಮೀ. ಅಗಲ 4 ಮಾಡಿದರೆ 0.8! ನಾನಂತೂ ಮೂರ್ನಾಲ್ಕು ಅಗಲಗಳಲ್ಲಿ ಓಡಿಸಿ, ಎಲ್ಲದರಲ್ಲೂ ಉಳಿಯುವ ಏಣನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಇನ್ನು ಪರೀಕ್ಷೆ. ಯಾದೃಚ್ಛಿಕ ಚುಕ್ಕಿಗಳಲ್ಲೂ ಏಣು ಸಿಗುತ್ತದೆ, ಅಲ್ವಾ? ಅದೇ ಗಡಿಯೊಳಗೆ ಅಷ್ಟೇ ಚುಕ್ಕಿಗಳನ್ನು 99 ಸಲ ಚೆಲ್ಲಿ, ಪ್ರತಿ ಸಲವೂ ಅತಿ ಉದ್ದದ ಏಣನ್ನು ಅಳೆಯಿರಿ. ನಿಮ್ಮದು ಎಲ್ಲಕ್ಕಿಂತ ಉದ್ದವಾದರೆ p ಬೆಲೆ (ಬರೀ ಆಕಸ್ಮಿಕವಾಗಿ ಇಷ್ಟು ಉದ್ದ ಸಿಗುವ ಸಾಧ್ಯತೆ) 0.01. ಆದರೆ ದುಂಡನೆಯ ಗುಂಪುಗಳೂ ಈ ಪರೀಕ್ಷೆಯನ್ನು ದಾಟಿಬಿಡಬಹುದು. ಅದಕ್ಕೇ ಬರೀ ದುಂಡು ಗುಂಪುಗಳಿರುವ ಕೃತಕ ಡೇಟಾದ ಜೊತೆಗೂ ಹೋಲಿಸಿ. ಏಣಿನ ಜಾಗ ಎಷ್ಟು ಖಚಿತ ಅನ್ನುವುದಕ್ಕೆ, ಇರುವ ಚುಕ್ಕಿಗಳಿಂದಲೇ ಮತ್ತೆ ಮತ್ತೆ ಯಾದೃಚ್ಛಿಕವಾಗಿ ಆರಿಸಿ ಓಡಿಸುವ ಬೂಟ್‌ಸ್ಟ್ರ್ಯಾಪ್ ಸಾಕು.

ಗೆಲಾಕ್ಸಿಗಳಲ್ಲಿ ಇನ್ನೊಂದು ಮೋಸವಿದೆ. ಗುಂಪಿನೊಳಗಿನ ವೇಗಗಳಿಂದಾಗಿ ರೆಡ್‌ಶಿಫ್ಟ್ (ಬೆಳಕು ಕೆಂಪಿನ ಕಡೆ ಸರಿದಿರುವ ಪ್ರಮಾಣ) ನೋಡಿ ಲೆಕ್ಕ ಹಾಕಿದ ದೂರ ಕೆಡುತ್ತದೆ. ದುಂಡು ಗುಂಪು ನಮ್ಮ ದಿಕ್ಕಿಗೆ ಚಾಚಿದ ಕಡ್ಡಿಯಂತೆ ಕಾಣುತ್ತದೆ. ಏಣು ನೆಟ್ಟಗೆ ನೋಡುಗರ ಕಡೆಗೇ ತಿರುಗಿದ್ದರೆ, ದೂರಗಳನ್ನು ತಿದ್ದಿ ಮತ್ತೆ ಓಡಿಸಿ.